ನೀರಿನೊಳಗಿನ ತಾಯ್ತಂದೆಯರು
(ಮಕ್ಕಳಿಗಾಗಿ ಜಲಚರ ಲೋಕದ ಕೆಲವು ಸೋಜಿಗಗಳು)

ಮಕ್ಕಳೇ, ಮುಂಗಾರಿನ ಮಳೆ ಸುರಿದು ಊರ ಕೆರೆಗೆ ಹೊಸನೀರು ಬಂದ ದಿನಗಳಲ್ಲಿ ಏರಿಯ ಮೇಲೆ ನಿಂತು ನೀರನ್ನು ದಿಟ್ಟಿಸಿ ನೋಡಿರುವಿರಾ? ಒಮ್ಮೊಮ್ಮೆ ಜೊಂಡು ಬೆಳೆದ ದಡದ ಸಮೀಪದಲ್ಲಿ, ನೀರಿನ ಮೇಲ್ಮೈಯಲ್ಲಿ ಕೆಂಪು ಬಣ್ಣದ ಒಂದು ಮಚ್ಚೆ ಕಾಣಿಸುತ್ತದೆ. ಅದು ಒಂದೆಡೆ ನಿಲ್ಲುವುದಿಲ್ಲ. ಹಿಗ್ಗುತ್ತದೆ, ಕುಗ್ಗುತ್ತದೆ, ಮೆಲ್ಲನೆ ಸರಿದು ಮುಂದಕ್ಕೆ ಹೋಗುತ್ತದೆ. ಅರಿಯದವರು ಅದನ್ನು ಪಾಚಿಯೆಂದೋ, ಕೊಳೆತ ಎಲೆಯೆಂದೋ ಭಾವಿಸುತ್ತಾರೆ. ತುಂಟ ಹುಡುಗರು ಅದರತ್ತ ಕಲ್ಲೆಸೆಯುವುದೂ ಉಂಟು.

ಆ ಮಚ್ಚೆ ಪಾಚಿಯಲ್ಲ; ನೂರಾರು ಎಳೆಯ ಮೀನುಮರಿಗಳ ಹಿಂಡು. ಕೊರಮೀನು ಅಥವಾ ಕೊರವ ಎಂದು ಹೆಸರಾದ, ಹಾವಿನಂತಹ ತಲೆಯುಳ್ಳ ಮೀನಿನ ಮಕ್ಕಳು ಅವು. ಕಿವಿರಿನ ಜೊತೆಗೆ ಗಾಳಿಯನ್ನೇ ನೇರವಾಗಿ ಉಸಿರಾಡಲು ಈ ಮೀನಿನ ತಲೆಯಲ್ಲಿ ಪ್ರತ್ಯೇಕ ಅಂಗವಿದೆ. ಆದ್ದರಿಂದ ಮರಿಗಳು ಮೇಲಿಂದ ಮೇಲೆ ನೀರಿನ ಮೇಲ್ಮೈಗೆ ಬಂದು ಗುಟುಕು ಗಾಳಿ ಕುಡಿಯುತ್ತವೆ. ಅದೇ ಹಿಂಡಿನ ಕೆಳಗೆ, ನಮ್ಮ ಕಣ್ಣಿಗೆ ಕಾಣದಂತೆ, ಒಂದು ದೊಡ್ಡ ಮೀನು ಕಾವಲು ನಿಂತಿರುತ್ತದೆ. ಅದು ಆ ಮರಿಗಳ ತಂದೆ, ಅಥವಾ ತಾಯಿ. ಕೆಲವೊಮ್ಮೆ ಇಬ್ಬರೂ ಇರುತ್ತಾರೆ. ಜಲಸಸ್ಯಗಳನ್ನು ಬದಿಗೆ ಸರಿಸಿ ದುಂಡನೆಯ ಸ್ಥಳವೊಂದನ್ನು ಸಿದ್ಧಮಾಡಿ, ಅಲ್ಲಿ ತೇಲುವ ಮೊಟ್ಟೆಗಳನ್ನಿಟ್ಟು, ಮೊಟ್ಟೆಯೊಡೆದ ಮೇಲೆಯೂ ವಾರಗಟ್ಟಲೆ ಮಕ್ಕಳನ್ನು ಬಿಟ್ಟಗಲದೆ ಕಾಯುವ ಜೀವಿ ಅದು. ಕಪ್ಪೆಯಾಗಲಿ, ಬೇರೆ ಮೀನಾಗಲಿ ಹತ್ತಿರ ಬಂದರೆ ಮೇಲೆರಗಿ ಅಟ್ಟುತ್ತದೆ. ನೀರಿಗಿಳಿದ ಮನುಷ್ಯನ ಕಾಲನ್ನು ಕಚ್ಚಲೂ ಅದು ಹಿಂಜರಿಯುವುದಿಲ್ಲ.

ಮೀನಿಗೆ ಮಮತೆಯೆಲ್ಲಿಯದು ಎಂದು ನಾವು ಕೇಳುವುದುಂಟು. ನಮಗಿರುವಂತಹ ಭಾವನೆಗಳು ಅವಕ್ಕೂ ಇವೆಯೆಂದು ಹೇಳಲು ಯಾರಿಂದಲೂ ಆಗದು. ಆದರೆ ಸಂತಾನಕ್ಕಾಗಿ ನೀರಿನ ಜೀವಿಗಳು ಪಡುವ ಪಾಡನ್ನು ಅರಿತವರು ಆ ಪ್ರಶ್ನೆಯನ್ನು ಮತ್ತೆ ಅಷ್ಟು ಸುಲಭವಾಗಿ ಕೇಳಲಾರರು. ಅಂತಹ ಕೆಲವು ತಾಯ್ತಂದೆಯರನ್ನು ಈಗ ಪರಿಚಯ ಮಾಡಿಕೊಳ್ಳೋಣ.

ಕೋಟಿ ಮೊಟ್ಟೆ, ಕೆಲವೇ ಮರಿ

ನೀರಿನಲ್ಲಿ ಮಕ್ಕಳನ್ನು ಉಳಿಸಿಕೊಳ್ಳುವುದು ಸುಲಭದ ಮಾತಲ್ಲ. ಮೊಟ್ಟೆಯನ್ನು ಅಲೆ ಕೊಚ್ಚಿಕೊಂಡು ಹೋಗುತ್ತದೆ. ಉಳಿದುದನ್ನು ಇತರ ಜೀವಿಗಳು ತಿನ್ನುತ್ತವೆ. ಈ ಕಷ್ಟಕ್ಕೆ ಸೃಷ್ಟಿಯಲ್ಲಿ ಎರಡು ಬಗೆಯ ಪರಿಹಾರಗಳಿವೆ. ಲೆಕ್ಕವಿಲ್ಲದಷ್ಟು ಮೊಟ್ಟೆಗಳನ್ನಿಟ್ಟು ಅವುಗಳ ಪಾಡಿಗೆ ಬಿಟ್ಟುಬಿಡುವುದು ಒಂದು. ಸ್ವಲ್ಪವೇ ಮೊಟ್ಟೆಗಳನ್ನಿಟ್ಟು ಪ್ರಾಣವನ್ನೇ ಪಣವಾಗಿಟ್ಟು ಕಾಯುವುದು ಇನ್ನೊಂದು.

ಮೊದಲನೆಯ ಬಗೆಗೆ ಸಾಗರದ ಸೂರ್ಯಮೀನು ಒಳ್ಳೆಯ ಉದಾಹರಣೆ. ತಟ್ಟೆಯಂತೆ ಚಪ್ಪಟೆಯಾಗಿರುವ ಈ ಮೀನು ಪೂರ್ಣ ಬೆಳೆದಾಗ ಒಂದು ಟನ್ನಿಗೂ ಮೀರಿ ತೂಗಬಲ್ಲದು. ಸುಮಾರು ಐದು ಅಡಿ ಉದ್ದದ ಒಂದು ಹೆಣ್ಣುಮೀನಿನ ಒಡಲಲ್ಲಿ ಮೂವತ್ತು ಕೋಟಿ ಮೊಟ್ಟೆಗಳಿದ್ದವೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಇಷ್ಟು ಮೊಟ್ಟೆಗಳನ್ನಿಡುವ ಜೀವಿ ಮತ್ತೊಂದಿಲ್ಲ. ಮೊಟ್ಟೆಯಿಂದ ಹೊರಬಂದ ಮರಿ ಮಾತ್ರ ಎಳ್ಳುಕಾಳಿನಷ್ಟು ಚಿಕ್ಕದು. ಕೋಟಿಗಳಲ್ಲಿ ಒಂದೆರಡು ಬೆಳೆದು ದೊಡ್ಡವಾದರೂ ಸಾಕು, ವಂಶ ಮುಂದುವರಿಯುತ್ತದೆ.

ಕಡಲಾಮೆ ಈ ಎರಡು ಬಗೆಗಳ ನಡುವೆ ನಿಲ್ಲುವ ತಾಯಿ. ನಮ್ಮ ಕರಾವಳಿಗೆ ಬರುವ ಆಲಿವ್ ರಿಡ್ಲೆ ಜಾತಿಯ ಹೆಣ್ಣಾಮೆ ರಾತ್ರಿಯ ಹೊತ್ತು ಮರಳದಂಡೆಯನ್ನೇರಿ, ಹಿಂಗಾಲುಗಳಿಂದ ಹೂಜಿಯಾಕಾರದ ಗುಂಡಿಯನ್ನು ತೋಡಿ, ಸುಮಾರು ನೂರು ಮೊಟ್ಟೆಗಳನ್ನಿಡುತ್ತದೆ. ಗುಂಡಿಯನ್ನು ಮುಚ್ಚಿ, ಮೈಯಿಂದ ಬಡಿದು ಬಡಿದು ಮರಳನ್ನು ಗಟ್ಟಿಮಾಡಿ, ಗುರುತು ಸಿಕ್ಕದಂತೆ ಕೆದರಿ ಕಡಲಿಗೆ ಮರಳುತ್ತದೆ. ತಾನಿಟ್ಟ ಮೊಟ್ಟೆಗಳಿಂದ ಹೊರಬರುವ ಮಕ್ಕಳ ಮುಖವನ್ನು ಆ ತಾಯಿ ಕಾಣುವುದೇ ಇಲ್ಲ. 45ರಿಂದ 60 ದಿನಗಳವರೆಗೆ ಮರಳೇ ಅವಕ್ಕೆ ತಾಯಿ. ಆ ಮರಳಿನ ಬಿಸಿಯೇ ಹುಟ್ಟುವ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುತ್ತದೆಂದರೆ ನಂಬುವಿರಾ? ಮರಳು ಹೆಚ್ಚು ಬಿಸಿಯಾಗಿದ್ದರೆ ಹೆಣ್ಣು, ತಂಪಾಗಿದ್ದರೆ ಗಂಡು.

ರಾತ್ರಿಯಲ್ಲಿ ಹೊರಬಂದ ಮರಿಗಳು ಎಲ್ಲಿ ಬೆಳಕು ಹೆಚ್ಚಾಗಿ ತೋರುವುದೋ ಅತ್ತ ಓಡುತ್ತವೆ. ಮನುಷ್ಯನ ದೀಪಗಳಿಲ್ಲದ ದಂಡೆಯಲ್ಲಿ ಕಡಲ ದಿಗಂತವೇ ಹೆಚ್ಚು ಬೆಳಕಿನದು. ಆದ್ದರಿಂದ ಅವು ದಾರಿ ತಪ್ಪುವುದಿಲ್ಲ. ಆದರೆ ದಂಡೆಯ ಮೇಲೆ ವಿದ್ಯುದ್ದೀಪಗಳು ಉರಿಯುತ್ತಿದ್ದರೆ ಮರಿಗಳು ಕಡಲಿಗೆ ಬೆನ್ನುಮಾಡಿ ರಸ್ತೆಯತ್ತ ತೆವಳಿ ಸಾಯುತ್ತವೆ. ಕಾರವಾರ, ಹೊನ್ನಾವರ, ಕುಂದಾಪುರದ ದಂಡೆಗಳಲ್ಲಿ ಗೂಡುಗಳನ್ನು ಗುರುತಿಸಿ, ಬೇಲಿ ಕಟ್ಟಿ, ಮರಿಗಳು ಕಡಲು ಸೇರುವವರೆಗೆ ಕಾಯುವ ಕೆಲಸವನ್ನು ಅರಣ್ಯ ಇಲಾಖೆಯವರು ಅಲ್ಲಿನ ಮೀನುಗಾರರ ನೆರವಿನಿಂದ ಮಾಡುತ್ತ ಬಂದಿದ್ದಾರೆ.

ಬಾಯಿಯೇ ತೊಟ್ಟಿಲು

ಇನ್ನು ಕಾಯುವ ತಾಯ್ತಂದೆಯರ ಕಡೆಗೆ ತಿರುಗೋಣ. ನಮ್ಮ ಕೆರೆಗಳಲ್ಲಿ ಈಗ ಎಲ್ಲೆಲ್ಲಿಯೂ ಕಾಣುವ ತಿಲಾಪಿಯ ಮೀನನ್ನು ಹಲವೆಡೆ ಜಿಲೇಬಿ ಮೀನೆಂದು ಕರೆಯುತ್ತಾರೆ. ಇದು ಆಫ್ರಿಕ ಮೂಲದ್ದು. ಭಾರತಕ್ಕೆ ತಂದುದು 1952ರಲ್ಲಿ. ಗಂಡು ಕೆರೆಯ ತಳದಲ್ಲಿ ತಗ್ಗು ತೋಡುತ್ತದೆ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟೊಡನೆ ಅವೆಲ್ಲವನ್ನೂ ತನ್ನ ಬಾಯಿಯೊಳಗೆ ತುಂಬಿಕೊಳ್ಳುತ್ತದೆ. ಮುಂದೆ ಸುಮಾರು ಎರಡು ವಾರ ಅದರ ಬಾಯಿಯೇ ಮಕ್ಕಳ ತೊಟ್ಟಿಲು. ಅಷ್ಟು ದಿನವೂ ತಾಯಿ ಆಹಾರವನ್ನು ತೊರೆದಿರುತ್ತದೆ. ಮರಿಗಳು ಈಜಲು ಕಲಿತ ಮೇಲೆ ಹೊರಬಿಟ್ಟು ಆಡಿಸುತ್ತದೆ. ಅಪಾಯದ ಸುಳಿವು ಸಿಕ್ಕಿದರೆ ಸಾಕು, ಮರಿಗಳೆಲ್ಲ ಓಡಿಬಂದು ತಾಯಿಯ ಬಾಯಿಯೊಳಗೆ ಸೇರಿಕೊಳ್ಳುತ್ತವೆ. ಇಂತಹ ಪಾಲನೆಯ ಬಲದಿಂದಲೇ ಈ ಪರದೇಶದ ಮೀನು ನಮ್ಮ ಕೆರೆಗಳನ್ನೆಲ್ಲ ತುಂಬಿ, ಇಲ್ಲಿಯ ಮೂಲ ಮೀನುಗಳಿಗೆ ಎಡೆಯಿಲ್ಲದಂತೆ ಮಾಡಿದೆ ಎಂಬುದನ್ನೂ ತಿಳಿದಿರಬೇಕು. ತಾಯಿಯದೇನೂ ತಪ್ಪಿಲ್ಲ, ಎಲ್ಲಿಯದನ್ನೋ ಎಲ್ಲಿಗೋ ತಂದುಬಿಟ್ಟವರು ಮನುಷ್ಯರು.

ಅರಬ್ಬೀ ಸಮುದ್ರದ ಮೀಸೆಮೀನುಗಳಲ್ಲಿ ಈ ಹೊಣೆ ತಂದೆಯದು. ಹೆಣ್ಣು ಇಡುವ ಮೊಟ್ಟೆಗಳು ನೀವು ಆಡುವ ಗೋಲಿಗಳಷ್ಟು ದಪ್ಪ. ಗಂಡುಮೀನು ಅವುಗಳನ್ನು ಬಾಯಿತುಂಬ ಇಟ್ಟುಕೊಂಡು ಒಂದು ತಿಂಗಳಿಗೂ ಹೆಚ್ಚು ಕಾಲ ಅನ್ನಾಹಾರವಿಲ್ಲದೆ ಕಳೆಯುತ್ತದೆ. ಮೊಟ್ಟೆಯೊಡೆದ ಮರಿಗಳು ಬಲಿಯುವವರೆಗೂ ಅಲ್ಲಿಯೇ ಇರುತ್ತವೆ. ನುಂಗಿಬಿಟ್ಟರೆ ತನ್ನ ಹಸಿವೆ ತೀರೀತು. ಆದರೂ ತಂದೆ ನುಂಗುವುದಿಲ್ಲ.

ಇಲ್ಲಿ ಒಂದು ದುಃಖದ ಕಥೆಯನ್ನೂ ಹೇಳಬೇಕಾಗಿದೆ. 1970ರ ದಶಕದ ಉತ್ತರಾರ್ಧದಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ಬಲೆಗಳು ಬಂದವು. ಒಂದು ಇಡೀ ಮೀನುಹಿಂಡನ್ನು ಸುತ್ತುವರಿದು, ಚೀಲದ ಬಾಯಿ ಬಿಗಿದಂತೆ ಕೆಳಗಿನಿಂದ ಬಿಗಿದು ಎತ್ತುವ ಬೃಹತ್ ಬಲೆಗಳಿವು. ಮಳೆಗಾಲ ಮುಗಿದ ಮೇಲೆ ಮೊಟ್ಟೆ ಹೊತ್ತ ಮೀಸೆಮೀನುಗಳು ಹಿಂಡುಹಿಂಡಾಗಿ ನೀರಿನ ಮೇಲ್ಪದರಕ್ಕೆ ಬರುತ್ತವೆ. ಬಲೆಗಳು ಅವುಗಳನ್ನು ರಾಶಿರಾಶಿಯಾಗಿ ಎತ್ತಿದವು. ಬಲೆಯಲ್ಲಿ ಉಸಿರುಗಟ್ಟಿದ ತಂದೆಮೀನುಗಳು ಬಾಯಿ ತೆರೆದಾಗ ಮೊಟ್ಟೆಗಳೂ ಮರಿಗಳೂ ದೋಣಿಯ ಹಲಗೆಯ ಮೇಲೆ ಚೆಲ್ಲಾಡಿದವು. ಇದರಿಂದ ಮುಂದೆ ಕೇಡಾಗುವುದೆಂದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆಗಲೇ ಎಚ್ಚರಿಸಿದ್ದರು. ಎಚ್ಚರಿಸಿದಂತೆಯೇ ಆಯಿತು. ಕೆಲವೇ ವರ್ಷಗಳಲ್ಲಿ ನಮ್ಮ ತೀರದಲ್ಲಿ ಆ ಮೀನಿನ ಇಳುವರಿ ಕುಸಿದುಹೋಯಿತು. ಮೀನನ್ನೇ ನಂಬಿದ ಬಡ ಮೀನುಗಾರನಿಗೂ ನಷ್ಟವಾಯಿತು. ಲಕ್ಷಗಟ್ಟಲೆ ಮೊಟ್ಟೆಯಿಡುವ ಮೀನು ಹೇಗೋ ಚೇತರಿಸಿಕೊಂಡೀತು. ನೂರರ ಆಸುಪಾಸಿನಷ್ಟು ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುವ ಮೀನು ಚೇತರಿಸಿಕೊಳ್ಳಬೇಕಾದರೆ ಎಷ್ಟು ಕಾಲ ಬೇಕು, ನೀವೇ ಯೋಚಿಸಿ.

ಬಸಿರಾಗುವ ತಂದೆ, ಮಣ್ಣು ಮೆತ್ತುವ ತಂದೆ

ಜಗತ್ತಿನಲ್ಲಿ ಬಸಿರು ಹೊರುವುದು ತಾಯಿಯ ಕೆಲಸ ಎಂದೇ ಎಲ್ಲರ ತಿಳಿವಳಿಕೆ. ಈ ನಿಯಮಕ್ಕೆ ಕಡಲ ಕುದುರೆ ಹೊರತು. ಕುದುರೆಯ ಮುಖ, ಕೋತಿಯಂತೆ ಹಿಡಿದುಕೊಳ್ಳುವ ಬಾಲ, ಕಾಂಗರೂವಿನಂತೆ ಹೊಟ್ಟೆಯ ಮೇಲೊಂದು ಚೀಲ ಇರುವ ಇದೂ ಒಂದು ಮೀನೇ. ಚೀಲವಿರುವುದು ಗಂಡಿಗೆ. ಹೆಣ್ಣು ತನ್ನ ಮೊಟ್ಟೆಗಳನ್ನು ಆ ಚೀಲದಲ್ಲಿ ಇಟ್ಟುಬಿಡುತ್ತದೆ. ಅಲ್ಲಿಂದ ಮುಂದೆ ಮೊಟ್ಟೆಗಳಿಗೆ ಆಮ್ಲಜನಕವನ್ನು ಒದಗಿಸುವುದು, ಒಳಗಿನ ನೀರಿನ ಉಪ್ಪನ್ನು ಹದವಾಗಿಡುವುದು ಎಲ್ಲವೂ ತಂದೆಯ ಹೊಣೆ. ಎರಡರಿಂದ ನಾಲ್ಕು ವಾರಗಳ ಮೇಲೆ ತಂದೆ ನೋವು ತಿಂದು, ಮೈಯನ್ನು ಬಾಗಿಸಿ ಬಾಗಿಸಿ, ನೂರಾರು ಮರಿಗಳನ್ನು ಹೊರಚಿಮ್ಮುತ್ತದೆ. ಅಷ್ಟು ದಿನವೂ ಹೆಣ್ಣು ಪ್ರತಿದಿನ ಬೆಳಗ್ಗೆ ಬಂದು ಗಂಡನ್ನು ಕಂಡು ಹೋಗುವುದನ್ನು ವಿಜ್ಞಾನಿಗಳು ನೋಡಿದ್ದಾರೆ.

ಕಡಲ ಕುದುರೆಗೆ ಜಠರವೇ ಇಲ್ಲ. ತಿಂದುದು ಬೇಗನೆ ಹೊರಬೀಳುವುದರಿಂದ ಅದು ಎಡೆಬಿಡದೆ ತಿನ್ನುತ್ತಲೇ ಇರಬೇಕು. ಈಜುವುದರಲ್ಲಿಯೂ ಅದು ಬಹಳ ನಿಧಾನಿ. ಒಣಗಿಸಿ ಔಷಧಿಗೆಂದು ಮಾರುವವರು ಇದನ್ನು ಅಳಿವಿನ ಅಂಚಿಗೆ ತಂದುದರಿಂದ ಭಾರತ ಸರ್ಕಾರವು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಇದಕ್ಕೆ ರಕ್ಷಣೆ ನೀಡಿತು.

ಇನ್ನೊಬ್ಬ ತಂದೆಯನ್ನು ಕಾಣಲು ಕಡಲಿಗೆ ಇಳಿಯಬೇಕಾಗಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಲೆನಾಡಿನ ತೊರೆಗಳ ಬಳಿಗೆ ಹೋದರೆ ಸಾಕು. ಅಲ್ಲಿ ರಾತ್ರಿ ಹೊತ್ತು ಸಂಚರಿಸುವ ಒಂದು ಪುಟ್ಟ ಕಪ್ಪೆಯಿದೆ. ಹೆಣ್ಣು ತೊರೆಯ ಮೇಲೆ ಬಾಗಿದ ಕಡ್ಡಿಗೆ ಮೊಟ್ಟೆಗಳನ್ನಂಟಿಸಿ ಹೋದ ಬಳಿಕ ಗಂಡುಕಪ್ಪೆ ತೊರೆಯ ತಳದಿಂದ ಮುಂಗೈಗಳಲ್ಲಿ ಕೆಸರನ್ನು ಎತ್ತಿಕೊಂಡು, ಹಿಂಗಾಲುಗಳ ಮೇಲೆ ನಿಂತು, ಆ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಕುಂಬಾರನು ಮಡಕೆಗೆ ಮಣ್ಣು ಮೆತ್ತಿದಂತೆಯೇ ಇದೂ ತೋರುತ್ತದೆ. ಮೊಟ್ಟೆಗಳು ಒಣಗದಂತೆಯೂ, ಶತ್ರುಗಳ ಕಣ್ಣಿಗೆ ಬೀಳದಂತೆಯೂ ಈ ಮಣ್ಣು ಕಾಪಾಡುತ್ತದೆಂದು ಊಹಿಸಲಾಗಿದೆ. ಕನ್ನಡಿಗ ವಿಜ್ಞಾನಿ ಕೆ. ವಿ. ಗುರುರಾಜ ಮತ್ತು ಅವರ ಸಂಗಡಿಗರು 2014ರಲ್ಲಿ ಇದನ್ನು ಹೊಸ ಜಾತಿಯೆಂದು ಲೋಕಕ್ಕೆ ಪರಿಚಯಿಸಿದಾಗ ಅದರ ವೈಜ್ಞಾನಿಕ ಹೆಸರಿನಲ್ಲಿಯೇ ‘ಕುಂಬಾರ’ ಎಂಬ ನಮ್ಮ ಪದವನ್ನು ಸೇರಿಸಿದರು. ಕಾಯಕದ ಹೆಸರೊಂದು ಪುಟ್ಟ ಕಪ್ಪೆಯೊಂದಿಗೆ ವಿಶ್ವಕ್ಕೆಲ್ಲ ಪರಿಚಿತವಾದುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಉಣ್ಣದೆ ಕಾಯುವ ತಾಯಿ

ಅಷ್ಟಪದಿ ಅಥವಾ ಆಕ್ಟೋಪಸ್ಸಿನ ವಿಚಾರವನ್ನು ನಿಮ್ಮ ಪಠ್ಯಪುಸ್ತಕದಲ್ಲಿ ಓದಿರಬಹುದು. ಅದಕ್ಕೆ ಎಂಟು ತೋಳುಗಳು, ಮೂರು ಹೃದಯಗಳು. ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರದ ಅಂಶವಿರುವುದರಿಂದ ಅದರ ರಕ್ತ ನೀಲಿ. ನರಕೋಶಗಳಲ್ಲಿ ಮೂರನೆಯ ಎರಡು ಪಾಲು ತೋಳುಗಳಲ್ಲಿಯೇ ಇವೆ. ಆದ್ದರಿಂದ ಪ್ರತಿಯೊಂದು ತೋಳೂ ಸ್ವಲ್ಪಮಟ್ಟಿಗೆ ತಾನೇ ಯೋಚಿಸಬಲ್ಲದೆಂದರೂ ಸಲ್ಲುತ್ತದೆ. ಆದರೆ ಇವೆಲ್ಲಕ್ಕಿಂತ ಮಿಗಿಲಾದ ಸೋಜಿಗ ಅದರ ತಾಯ್ತನ.

ಸಾಮಾನ್ಯ ಅಷ್ಟಪದಿಯ ಹೆಣ್ಣು ತನ್ನ ಜೀವಮಾನದಲ್ಲಿ ಒಂದೇ ಬಾರಿ ತಾಯಿಯಾಗುತ್ತದೆ. ಕಲ್ಲುಪೊಟರೆಯ ಚಾವಣಿಗೆ ಲಕ್ಷಕ್ಕೂ ಮೀರಿದ ಮೊಟ್ಟೆಗಳನ್ನು ಹೂವಿನ ಸರಗಳಂತೆ ತೂಗುಹಾಕುತ್ತದೆ. ಅಂದಿನಿಂದ ಅಲ್ಲಿಂದ ಕದಲುವುದಿಲ್ಲ. ಮೊಟ್ಟೆಗಳ ಮೇಲೆ ಕೊಳೆ ಕೂರದಂತೆ ಸವರುತ್ತ, ತನ್ನ ನಳಿಕೆಯಿಂದ ಹೊಸನೀರನ್ನು ಊದುತ್ತ, ಬಂದ ವೈರಿಗಳನ್ನು ಅಟ್ಟುತ್ತ ಕುಳಿತಿರುತ್ತದೆ. ಆಹಾರವನ್ನು ಮುಟ್ಟುವುದಿಲ್ಲ. ಮೈ ಸೊರಗಿ, ಬಣ್ಣ ಕಳೆಗುಂದುತ್ತದೆ. ಮರಿಗಳು ಹೊರಬರುವ ಹೊತ್ತಿಗೆ ತಾಯಿಯ ಪ್ರಾಣ ಹೋಗುತ್ತದೆ.

ಆಳಸಮುದ್ರದಲ್ಲಿ ಕಂಡುಬಂದ ಒಂದು ತಾಯಿಯ ಕಥೆಯಂತೂ ಮೈನವಿರೇಳಿಸುವಂತಹುದು. ಅಮೆರಿಕದ ಕ್ಯಾಲಿಫೋರ್ನಿಯದ ಬಳಿ, ಮಾಂಟೆರೆಯ ಕಡಲ ಕಣಿವೆಯಲ್ಲಿ, ಸುಮಾರು 1,400 ಮೀಟರ್ ಆಳದಲ್ಲಿ ಒಂದು ಅಷ್ಟಪದಿ ಬಂಡೆಗೆ ಅಂಟಿಸಿದ ಮೊಟ್ಟೆಗಳನ್ನು ಕಾಯುತ್ತಿರುವುದನ್ನು ವಿಜ್ಞಾನಿಗಳು 2007ರ ಮೇ ತಿಂಗಳಲ್ಲಿ ಕಂಡರು. ದೂರದಿಂದ ನಡೆಸುವ ಯಂತ್ರನೌಕೆಯನ್ನು ಆಗಾಗ ಕೆಳಗಿಳಿಸಿ ನೋಡಿದಾಗಲೆಲ್ಲ, ಮೈಮೇಲಿನ ಗಾಯದ ಕಲೆಗಳಿಂದ ಗುರುತಿಸಬಹುದಾದ ಅದೇ ತಾಯಿ ಅದೇ ಬಂಡೆಯ ಮೇಲೆ ಇರುತ್ತಿತ್ತು. ಹತ್ತಿರದಲ್ಲೇ ಸುಳಿದ ಏಡಿಗಳನ್ನು ಅದು ತಿನ್ನಲಿಲ್ಲ. 2011ರ ಸೆಪ್ಟೆಂಬರ್‌ವರೆಗೂ ಅದು ಅಲ್ಲಿತ್ತು. ಮುಂದಿನ ತಿಂಗಳು ನೋಡಿದಾಗ ಮೊಟ್ಟೆಗಳ ಬರಿಯ ಸಿಪ್ಪೆ ಮಾತ್ರ ಉಳಿದಿತ್ತು. ಒಟ್ಟು 53 ತಿಂಗಳು, ಎಂದರೆ ಸುಮಾರು ನಾಲ್ಕೂವರೆ ವರ್ಷ! ಲೋಕದ ಯಾವ ಪ್ರಾಣಿಯೂ ಮೊಟ್ಟೆಗಳನ್ನು ಇಷ್ಟು ಕಾಲ ಕಾದುದು ತಿಳಿದುಬಂದಿಲ್ಲ.

ಅಷ್ಟಪದಿಯ ಈ ಉಪವಾಸಕ್ಕೆ ಕಾರಣವೇನೆಂಬುದನ್ನು 1977ರಲ್ಲಿ ಜೆರೋಮ್ ವೊಡಿನ್‌ಸ್ಕಿ ಎಂಬ ವಿಜ್ಞಾನಿ ಪರೀಕ್ಷಿಸಿದರು. ಕಣ್ಣುಗಳ ನಡುವೆ ಇರುವ ಎರಡು ಚಿಕ್ಕ ಗ್ರಂಥಿಗಳನ್ನು ತೆಗೆದುಹಾಕಿದಾಗ ತಾಯಿ ಮೊಟ್ಟೆಗಳನ್ನು ತೊರೆದು ಮತ್ತೆ ಉಣ್ಣತೊಡಗಿತು. ಹೆಚ್ಚು ಕಾಲ ಬದುಕಿತು. ತ್ಯಾಗದ ಸೂತ್ರ ಅದರ ದೇಹದಲ್ಲಿಯೇ ಅಡಗಿದೆಯೆಂದು ಇದರಿಂದ ತಿಳಿಯಿತು. ಸೂತ್ರ ತಿಳಿದ ಮಾತ್ರಕ್ಕೆ ಸೋಜಿಗವೇನೂ ಕಡಿಮೆಯಾಗುವುದಿಲ್ಲ.

ಕೋರೆಹಲ್ಲುಗಳ ನಡುವೆ ಕೋಮಲ ಮರಿ

ಶ್ರೀರಂಗಪಟ್ಟಣದ ಸಮೀಪದ ರಂಗನತಿಟ್ಟಿಗೆ ಹೋದವರು ಬಂಡೆಗಳ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳನ್ನು ನೋಡಿಯೇ ಇರುತ್ತೀರಿ. ಅಷ್ಟು ಕ್ರೂರವಾಗಿ ತೋರುವ ಆ ಬಾಯಿ ಮಕ್ಕಳ ವಿಷಯದಲ್ಲಿ ಎಷ್ಟು ಮೃದುವೆಂದರೆ ಅಚ್ಚರಿಯಾಗುತ್ತದೆ. ಬೇಸಗೆಯ ಆರಂಭದಲ್ಲಿ ಹೆಣ್ಣು ಮೊಸಳೆ ನದಿಯ ದಡದಲ್ಲಿ ಗುಂಡಿ ತೋಡಿ, ಸಾಮಾನ್ಯವಾಗಿ 25ರಿಂದ 30 ಮೊಟ್ಟೆಗಳನ್ನಿಟ್ಟು ಮುಚ್ಚುತ್ತದೆ. ಕಡಲಾಮೆಯಂತೆ ಬಿಟ್ಟುಹೋಗದೆ ಹತ್ತಿರದಲ್ಲಿಯೇ ಇದ್ದು ಕಾಯುತ್ತದೆ. ಎರಡು ತಿಂಗಳ ಬಳಿಕ ಹೊರಬರುವ ಕಾಲ ಸಮೀಪಿಸಿದಾಗ ಮರಿಗಳು ಮೊಟ್ಟೆಯೊಳಗಿನಿಂದಲೇ ಕೂಗತೊಡಗುತ್ತವೆ. ಮಣ್ಣಿನಡಿಯ ಆ ಕೂಗು ತಾಯಿಗೆ ಕೇಳಿಸುತ್ತದೆ. ಅದು ಗುಂಡಿಯನ್ನು ಅಗೆದು, ಮರಿಗಳನ್ನು ಬಾಯಲ್ಲಿ ಎತ್ತಿಕೊಂಡು ನೀರಿಗೆ ಒಯ್ದುಬಿಡುತ್ತದೆ. ಒಡೆಯದ ಮೊಟ್ಟೆಯಿದ್ದರೆ ಹಲ್ಲುಗಳ ನಡುವೆ ಮೆಲ್ಲನೆ ಉರುಳಿಸಿ ಸಿಪ್ಪೆಯೊಡೆಯಲು ಸಹಾಯ ಮಾಡುತ್ತದೆ. ನಮ್ಮ ದೇಶದ ಮೊಸಳೆಗಳಲ್ಲಿ ತಂದೆಯೂ ಈ ಕೆಲಸಕ್ಕೆ ಕೈಗೂಡಿಸುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ.

ಉತ್ತರ ಭಾರತದ ಚಂಬಲ್ ನದಿಯಲ್ಲಿ ಇರುವ ಘರಿಯಾಲ್ ಎಂಬ ಉದ್ದ ಮೂತಿಯ ಮೊಸಳೆಗೆ ಆ ತೆಳು ಮೂತಿಯಲ್ಲಿ ಮರಿಗಳನ್ನು ಹೊರಲು ಅನುಕೂಲವಿಲ್ಲ. ಅಲ್ಲಿ ಹಲವು ತಾಯಂದಿರ ಮರಿಗಳು ಒಂದೆಡೆ ಸೇರಿ, ದೊಡ್ಡ ಗಂಡು ಘರಿಯಾಲಿನ ಕಾವಲಿನಲ್ಲಿ ಬೆಳೆಯುತ್ತವೆ. ನೂರಾರು ಮರಿಗಳು ಅದರ ಬೆನ್ನನ್ನೇರಿ ಕುಳಿತಿರುವ ದೃಶ್ಯ ಊರಿನ ಮಕ್ಕಳೆಲ್ಲ ಅಜ್ಜನ ಹೆಗಲೇರಿದಂತೆ ಕಾಣುತ್ತದೆ.

ಹಾಲುಣಿಸುವ ಜಲಚರಗಳು

ತಿಮಿಂಗಿಲ, ಡಾಲ್ಫಿನ್, ನೀರುನಾಯಿ ಇವು ಮೀನುಗಳಲ್ಲ. ನಮ್ಮಂತೆಯೇ ಶ್ವಾಸಕೋಶದಿಂದ ಉಸಿರಾಡಿ, ಮರಿಗೆ ಹಾಲುಣಿಸುವ ಸ್ತನಿಗಳು.

ಭೂಮಿಯ ಮೇಲೆ ಇದುವರೆಗೆ ಬದುಕಿದ ಪ್ರಾಣಿಗಳಲ್ಲೆಲ್ಲ ಅತಿ ಭಾರವಾದುದೆಂದು ಎಣಿಸಲಾಗಿರುವ ನೀಲಿ ತಿಮಿಂಗಿಲ ತೊಂಬತ್ತು ಅಡಿಗೂ ಮೀರಿ ಬೆಳೆಯಬಲ್ಲದು. ಅದರ ಕೂಸು ಹುಟ್ಟುವಾಗಲೇ ಸುಮಾರು 23 ಅಡಿ ಉದ್ದ, ಎರಡೂವರೆ ಟನ್ ತೂಕ. ದಿನಕ್ಕೆ ಇನ್ನೂರು ಲೀಟರಿನಷ್ಟು ಹಾಲು ಕುಡಿದು, ದಿನಕ್ಕೆ ಸುಮಾರು 90 ಕಿಲೋ ತೂಕ ಹೆಚ್ಚಿಸಿಕೊಳ್ಳುತ್ತದೆ. ನೀರಿನಲ್ಲಿ ಕದಡಿಹೋಗದಷ್ಟು ಗಟ್ಟಿಯಾದ, ಕೊಬ್ಬು ತುಂಬಿದ ಹಾಲು ಅದು. ಆರೇಳು ತಿಂಗಳು ಹೀಗೆ ಉಣಿಸುವ ತಾಯಿ ಬಹುಪಾಲು ತನ್ನ ಮೈಯ ಕೊಬ್ಬನ್ನೇ ಕರಗಿಸಿ ಮಗುವನ್ನು ಬೆಳೆಸುತ್ತದೆ. ಎರಡು ಮೂರು ವರ್ಷಗಳಿಗೆ ಒಂದೇ ಮರಿ. ಇಪ್ಪತ್ತನೆಯ ಶತಮಾನದಲ್ಲಿ ಎಣ್ಣೆಗಾಗಿ ಮೂರೂವರೆ ಲಕ್ಷಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳನ್ನು ಕೊಲ್ಲಲಾಯಿತು. 1966ರಲ್ಲಿ ಇವುಗಳ ಬೇಟೆಯನ್ನು ನಿಷೇಧಿಸಲಾಯಿತಾದರೂ ಕಳೆದುಕೊಂಡುದನ್ನು ಈ ತಾಯಂದಿರು ಇಂದಿಗೂ ತುಂಬಿಕೊಡಲಾಗಿಲ್ಲ.

ಡಾಲ್ಫಿನ್ನಿನ ನಿದ್ರೆಯೂ ವಿಚಿತ್ರವಾದುದು. ಮಿದುಳಿನ ಅರ್ಧ ಭಾಗ ಮಲಗಿದರೆ ಇನ್ನರ್ಧ ಎಚ್ಚರವಾಗಿರುತ್ತದೆ. ಇಲ್ಲವಾದರೆ ಉಸಿರಾಡಲು ಮೇಲೆ ಬರುವವರಾರು? ಹೆತ್ತ ಮೊದಲ ತಿಂಗಳಲ್ಲಂತೂ ತಾಯಿ ಮತ್ತು ಮರಿ ನಿಂತು ವಿಶ್ರಮಿಸುವುದೇ ಅಪರೂಪ. ಹಗಲಿರುಳೂ ಜೊತೆಜೊತೆಯಾಗಿ ಈಜುತ್ತವೆ. ಪ್ರತಿಯೊಂದು ಡಾಲ್ಫಿನ್ನಿಗೂ ತನ್ನದೇ ಆದ ಸಿಳ್ಳೆಯುಂಟು. ಅದು ಅದರ ಹೆಸರಿದ್ದಂತೆ.

ಡಾಲ್ಫಿನ್ನುಗಳ ಕುಟುಂಬಕ್ಕೆ ಸೇರಿದ ಓರ್ಕಾ ಎಂಬ ಕಪ್ಪುಬಿಳುಪಿನ ದೈತ್ಯಪ್ರಾಣಿಯ ಒಂದು ಪ್ರಸಂಗವನ್ನು ಹಿರಿಯರೂ ಓದಬೇಕು. 2018ರಲ್ಲಿ ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ತಾಹ್ಲೆಕ್ವಾ ಎಂದು ಹೆಸರಿಸಲಾದ ಓರ್ಕಾ ಒಂದು ಮರಿಗೆ ಜನ್ಮವಿತ್ತಿತು. ಮರಿ ಅರ್ಧ ಗಂಟೆಯಲ್ಲಿ ಸತ್ತುಹೋಯಿತು. ತಾಯಿ ಅದನ್ನು ಮುಳುಗಗೊಡದೆ ತಲೆಯ ಮೇಲೆ ಎತ್ತಿ ಹಿಡಿದು, ಜಾರಿದಾಗಲೆಲ್ಲ ಮುಳುಗಿ ಮೇಲೆ ತಂದು, 17 ದಿನಗಳಲ್ಲಿ ಸುಮಾರು 1,600 ಕಿಲೋಮೀಟರ್ ದೂರ ಹೊತ್ತು ಸಾಗಿತು. ಅದರ ಕುಲವು ಉಣ್ಣುವ ಸಾಲ್ಮನ್ ಮೀನು ನದಿಗಳಲ್ಲಿ ಕಡಿಮೆಯಾಗುತ್ತಿರುವುದರಿಂದ ಅಲ್ಲಿಯ ಓರ್ಕಾ ತಾಯಂದಿರ ಮರಿಗಳು ಬದುಕುವುದು ಕಷ್ಟವಾಗಿದೆ. ಅದು ದುಃಖವೇ ಎಂದು ಕೇಳಿದರೆ ವಿಜ್ಞಾನಿಗಳು ಎಚ್ಚರಿಕೆಯಿಂದ ಉತ್ತರಿಸುತ್ತಾರೆ. ಮಗುವನ್ನು ಕಳೆದುಕೊಂಡ ಯಾವ ತಾಯಿಗೂ ಉತ್ತರ ಬೇರೆ ಬೇಕಾಗದು.

ನಮ್ಮ ತುಂಗಭದ್ರೆಯಲ್ಲಿರುವ ನೀರುನಾಯಿಗಳು ಮಾತ್ರ ನೋಡಲು ನಗು ತರಿಸುವ ಸಂಸಾರಸ್ಥರು. ತಾಯಿ, ತಂದೆ, ಹಿಂದಿನ ಬಾರಿಯ ಮಕ್ಕಳು ಎಲ್ಲ ಕೂಡಿ ಬಾಳುತ್ತವೆ. ಕೂಡಿಯೇ ಮೀನು ಹಿಡಿಯುತ್ತವೆ. ಕಣ್ಣು ಬಿಡದೆ ಹುಟ್ಟುವ ಮರಿಗಳಿಗೆ ಮೊದಲು ಈಜು ಬರುವುದೇ ಇಲ್ಲ. ಹೆದರುವ ಮರಿಯನ್ನು ತಾಯಿಯೇ ನೀರಿಗೆಳೆದು ಈಜು ಕಲಿಸುತ್ತದೆ. ಕೊಪ್ಪಳ ಮತ್ತು ಬಳ್ಳಾರಿ ಸೀಮೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದೀಪಾತ್ರವನ್ನು ಕರ್ನಾಟಕ ಸರ್ಕಾರವು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಮರಳು ತೆಗೆಯುವುದು, ನೀರಿಗೆ ಸಿಡಿಮದ್ದೆಸೆದು ಮೀನು ಹಿಡಿಯುವುದು ಇಂತಹ ಕೃತ್ಯಗಳೇ ಈ ಸಂಸಾರಗಳಿಗೆ ಒದಗುವ ದೊಡ್ಡ ಕೇಡುಗಳು.

ನಾವು ಮಾಡಬೇಕಾದುದೇನು?

ಇಷ್ಟು ಜೀವಿಗಳ ಕಥೆಯಲ್ಲಿ ಒಂದು ಮಾತು ಮತ್ತೆ ಮತ್ತೆ ಬಂದುದನ್ನು ನೀವು ಗಮನಿಸಿರಬಹುದು. ಮಕ್ಕಳನ್ನು ಕಾಯುವ ಪ್ರಾಣಿ ಓಡಿಹೋಗುವುದಿಲ್ಲ. ಬಾಯಲ್ಲಿ ಮೊಟ್ಟೆಯಿರುವ ಮೀನು ಹಿಂಡಿನಲ್ಲಿಯೇ ಉಳಿಯುತ್ತದೆ. ಮರಿಗಳ ಕೆಳಗೆ ನಿಂತ ಕೊರಮೀನು ಗಾಳವನ್ನು ಕಂಡು ಹಿಂದೆ ಸರಿಯುವ ಬದಲು ಅದನ್ನೇ ಶತ್ರುವೆಂದು ತಿಳಿದು ಕಚ್ಚುತ್ತದೆ. ಆದ್ದರಿಂದ ಪ್ರಾಣಿಗಳು ಅತಿ ಸುಲಭವಾಗಿ ಮನುಷ್ಯನ ಕೈಗೆ ಸಿಕ್ಕುವುದು ಅವು ತಾಯ್ತಂದೆಯರಾಗಿರುವ ಹೊತ್ತಿನಲ್ಲಿಯೇ. ಕೆಂಪು ಮಚ್ಚೆಯನ್ನು ನೋಡಿ ಗಾಳ ಹಾಕುವವನಿಗೆ ಒಂದು ಮೀನು ದೊರೆಯುತ್ತದೆ. ಕಾವಲಿಲ್ಲದ ನೂರಾರು ಮರಿಗಳಲ್ಲಿ ಹೆಚ್ಚಿನವು ಬೇರೆ ಜೀವಿಗಳ ಪಾಲಾಗುತ್ತವೆ.

ಇದನ್ನರಿತೇ ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದೋಣಿಗಳು ಮೀನುಗಾರಿಕೆಗೆ ಇಳಿಯಬಾರದೆಂಬ ನಿಯಮವಿದೆ. ಮೀನೇ ಜೀವನೋಪಾಯವಾಗಿರುವ ಮೀನುಗಾರನೂ ಎರಡು ತಿಂಗಳು ಬಲೆಯನ್ನು ಮಡಚಿಟ್ಟು ಕಾಯುತ್ತಾನೆ. ಹಾಗಿರುವಾಗ ಹೊಟ್ಟೆಗಾಗಿ ಅಲ್ಲದೆ ಬರಿಯ ಆಟಕ್ಕಾಗಿ ಕೆರೆಗೆ ಕಲ್ಲೆಸೆಯುವ ನಾವು ಕೈ ಹಿಡಿದುಕೊಳ್ಳಬಾರದೇ?

ಮಾಂಸಾಹಾರವನ್ನು ತೊರೆದ ಮನೆತನಗಳವರು ನಮಗೂ ಇದಕ್ಕೂ ಸಂಬಂಧವಿಲ್ಲವೆಂದು ಭಾವಿಸುವುದು ಸಹಜ. ಆದರೆ ಜೀವಿಗಳಿಗೆ ಕೇಡು ಬಗೆಯಲು ಅವನ್ನು ತಿನ್ನಲೇಬೇಕೆಂದಿಲ್ಲ. ಜಾತ್ರೆಗೆ ಹೋದಾಗ ಹೊಳೆಯ ದಡದಲ್ಲಿ ಬಿಟ್ಟುಬಂದ ಪ್ಲಾಸ್ಟಿಕ್ ಚೀಲ, ಕೆರೆಯಂಗಳಕ್ಕೆ ಸುರಿದ ಕಸ, ಪೂಜೆ ಮುಗಿದ ಮೇಲೆ ನೀರಿಗೆ ಬಿಟ್ಟ ಬಣ್ಣದ ವಸ್ತುಗಳು, ಹೊಲದಿಂದ ಹರಿದುಬಂದ ಕ್ರಿಮಿನಾಶಕ ಇವೆಲ್ಲವೂ ಕೊನೆಗೆ ಸೇರುವುದು ಆ ತೊಟ್ಟಿಲುಗಳನ್ನೇ. ದಯೆಯೆಂಬುದು ಊಟದ ತಟ್ಟೆಯಲ್ಲಿಯೇ ಮುಗಿಯುವುದಿಲ್ಲ. ಕೆರೆಯ ಏರಿಯವರೆಗೂ ಹೋಗಬೇಕಾಗುತ್ತದೆ.

ತಾಯಂದಿರಲ್ಲಿ, ತಂದೆಯರಲ್ಲಿ ಒಂದು ವಿನಂತಿ. ಈ ಮಳೆಗಾಲದಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಮಕ್ಕಳನ್ನು ಊರ ಕೆರೆಗೆ ಕರೆದೊಯ್ಯಿರಿ. ದಡದಲ್ಲಿ ಸದ್ದು ಮಾಡದೆ ಕುಳಿತು ನೋಡಲು ಹೇಳಿರಿ. ಕೆಂಪು ಮಚ್ಚೆ ಕಂಡರೆ ಅದರ ಕೆಳಗೆ ಯಾರಿರುವರೆಂಬುದನ್ನು ತಿಳಿಸಿರಿ.

ಮಕ್ಕಳೇ, ನಿಮ್ಮ ತಾಯಿ ನಿಮಗೆ ಉಣ್ಣಿಸಿ ತಾನು ಆಮೇಲೆ ಉಣ್ಣುವುದನ್ನು ನೀವು ನಿತ್ಯವೂ ಕಾಣುತ್ತೀರಿ. ಜ್ವರ ಬಂದ ರಾತ್ರಿ ತಂದೆ ನಿದ್ರೆಗೆಟ್ಟು ನಿಮ್ಮ ಬಳಿ ಕುಳಿತುದನ್ನೂ ಬಲ್ಲಿರಿ. ಇನ್ನು ಮುಂದೆ ಕೆರೆಯ ಏರಿಯ ಮೇಲೆ ನಿಂತು ಕಲ್ಲನ್ನು ಕೈಗೆತ್ತಿಕೊಂಡಾಗ, ನೀರಿನ ಕೆಳಗೂ ಒಬ್ಬ ತಾಯಿಯೋ ತಂದೆಯೋ ಹಾಗೆಯೇ ಎಚ್ಚರವಾಗಿದ್ದಾರೆಂಬುದನ್ನು ನೆನೆದು ಆ ಕಲ್ಲನ್ನು ಕೆಳಗಿಡಿರಿ.